ಐವತ್ತೊಂಬತ್ತಕ್ಕೇ ನಿಂತಿದೆ ಗಾಲ್ಫ್ ವಿಶ್ವಕಪ್, ಷಷ್ಟ್ಯಬ್ದಿ ಯಾವಾಗ ಸ್ವಾಮಿ?

ಅಂತರರಾಷ್ಟ್ರೀಯ ಪಿಜಿಎ ಟೂರ್‌ಗಳ ಒಕ್ಕೂಟದ ಪದಾಧಿಕಾರಿಗಳಿಗೆ,

ನಮಸ್ಕಾರ.

ಸುತ್ತಿ ಬಳಸಿ ಮಾತಾಡುವುದು ನನಗೆ ಬರುವುದಿಲ್ಲ, ನೇರ ವಿಷಯಕ್ಕೇ ಬರುತ್ತೇನೆ. ಗಾಲ್ಫ್ ವಿಶ್ವಕಪ್ ಎಲ್ಲಿ ಹೋಯಿತು? ಅದೇ, ದೇಶಕ್ಕೆ ಇಬ್ಬರಂತೆ ಬಂದು ಜೋಡಿಯಾಗಿ ಆಡುತ್ತಿದ್ದ ವಿಶ್ವಕಪ್. ಕೊನೆಯ ಸಲ ಆಡಿದ್ದು 2018ರ ನವೆಂಬರ್‌ನಲ್ಲಿ, ಮೆಲ್ಬರ್ನ್‌ನ ಮೆಟ್ರೊಪಾಲಿಟನ್ ಕ್ಲಬ್‌ನಲ್ಲಿ. ಬೆಲ್ಜಿಯಂನ ಇಬ್ಬರು ಥಾಮಸ್‌ಗಳು, ಪೀಟರ್ಸ್ ಮತ್ತು ಡೆಟ್ರಿ, ಗೆದ್ದು ಕಪ್ ಎತ್ತಿಕೊಂಡರು. ಅಲ್ಲಿಗೆ ಮುಗಿಯಿತು. ಆಮೇಲೆ ಸದ್ದೇ ಇಲ್ಲ.

ನಾನು ಕೂತು ಲೆಕ್ಕ ಹಾಕಿದೆ. 1953ರಲ್ಲಿ ಶುರುವಾದ ಟೂರ್ನಿ, ಮಧ್ಯೆ 1981, 1986ರಲ್ಲಿ ಆಡಲಿಲ್ಲ, 2009ರ ಮೇಲೆ ಒಂದು ವರ್ಷ ಬಿಟ್ಟು, ಎರಡು ವರ್ಷ ಬಿಟ್ಟು ಅಂತ ಹೇಗೋ ಎಳೆದುಕೊಂಡು ಬಂತು. ಎಲ್ಲ ಸೇರಿಸಿದರೆ 2018ರದ್ದು ಐವತ್ತೊಂಬತ್ತನೆಯದು. ಐವತ್ತೊಂಬತ್ತಕ್ಕೆ ನಿಲ್ಲಿಸಿಬಿಟ್ಟಿದ್ದೀರಿ! ನಮ್ಮ ಕಡೆ ಅರವತ್ತು ತುಂಬಿದರೆ ಷಷ್ಟ್ಯಬ್ದಿ ಅಂತ ಮನೆಯವರೆಲ್ಲ ಸೇರಿ ಇನ್ನೊಂದು ಸಲ ಮದುವೆ ಮಾಡಿಸುತ್ತಾರೆ. ನೀವು ಆ ವಯಸ್ಸಿಗೆ ಒಂದು ಹೆಜ್ಜೆ ಇದ್ದಾಗ ಯಜಮಾನರನ್ನು ಹಿಂದಿನ ಕೋಣೆಗೆ ಕಳಿಸಿ ಬಾಗಿಲು ಹಾಕಿಕೊಂಡಿದ್ದೀರಿ.

ಇದನ್ನೆಲ್ಲ ಕೇಳೋಕೆ ನೀನ್ಯಾರು ಅನ್ನಬಹುದು. ನಾನು ಯಾರೂ ಅಲ್ಲ. ನನ್ನ ಹ್ಯಾಂಡಿಕ್ಯಾಪ್ 22, ಗಾಲ್ಫ್‌ನಲ್ಲಿ ಈ ಅಂಕಿ ಜಾಸ್ತಿಯಾದಷ್ಟೂ ಆಟ ಕಚ್ಚಾ. ಅಂದರೆ ನಾನು ಹೊಡೆದ ಚೆಂಡು ಫೇರ್‌ವೇ ಅನ್ನುವ, ಅದು ಬೀಳಬೇಕಾದ ಹುಲ್ಲುದಾರಿಯಲ್ಲಿ ಸಿಕ್ಕರೆ ಬ್ಯಾಗ್ ಹೊರುವ ಕ್ಯಾಡಿಗೇ ಆಶ್ಚರ್ಯ. ಆದರೆ ಈ ಜೋಡಿ ಆಟದ ರುಚಿ ಒಂದು ಸಲ ಹತ್ತಿದೆ ನೋಡಿ, ಅದಕ್ಕೇ ಈ ಪತ್ರ. ಆ ಕಥೆ ಆಮೇಲೆ ಹೇಳುತ್ತೇನೆ, ಅದರಲ್ಲಿ ನನ್ನ ಷಡ್ಡಕ ಬರುತ್ತಾರೆ.

ಮೊದಲು ನಿಮ್ಮದೇ ಕಪ್ಪಿನ ಕಥೆ. ನಿಮಗೆ ಗೊತ್ತಿರುವುದೇ, ಆದರೂ ಮರೆತ ಹಾಗೆ ಕಾಣುತ್ತದೆ. ಇದನ್ನು ಶುರು ಮಾಡಿದ್ದು ಜಾನ್ ಜೇ ಹಾಪ್ಕಿನ್ಸ್ ಅನ್ನುವ ಉದ್ಯಮಿ. ಜನರಲ್ ಡೈನಾಮಿಕ್ಸ್ ಕಂಪನಿ ಕಟ್ಟಿದ ಮನುಷ್ಯ. ಜಗತ್ತಿನ ಮೊದಲ ಅಣು ಜಲಾಂತರ್ಗಾಮಿ ನಾಟಿಲಸ್ ಅನ್ನು ನೀರಿಗಿಳಿಸಿದ್ದೂ ಇದೇ ಕಂಪನಿ, 1954ರಲ್ಲಿ. ಒಂದು ಕೈಯಲ್ಲಿ ಜಲಾಂತರ್ಗಾಮಿ, ಇನ್ನೊಂದು ಕೈಯಲ್ಲಿ ದೇಶದೇಶಗಳ ಸ್ನೇಹಕ್ಕೆ ಅಂತ ಗಾಲ್ಫ್ ಕಪ್! ಮನುಷ್ಯರು ವಿಚಿತ್ರ, ಬಿಡಿ. ಆಗ ಅದರ ಹೆಸರು ಕೆನಡಾ ಕಪ್. 1953ರಲ್ಲಿ ಮಾಂಟ್ರಿಯಲ್ ಹತ್ತಿರದ ಬೀಕನ್ಸ್‌ಫೀಲ್ಡ್ ಕ್ಲಬ್‌ಗೆ ಬಂದದ್ದು ಬರೀ ಏಳು ತಂಡ. ಗೆದ್ದದ್ದು ಅಮೆರಿಕ ಅಲ್ಲ, ಅರ್ಜೆಂಟೀನಾ. ರೊಬೆರ್ತೊ ದೆ ವಿಸೆಂಜೊ ಮತ್ತು ಆಂಟೊನಿಯೊ ಸೆರ್ದಾ. ಮೊದಲ ವರ್ಷವೇ ಕಪ್ ಯಾರೂ ಎಣಿಸದ ಕಡೆ ಹೋಯಿತು. ಈ ಟೂರ್ನಿಯ ಗುಣವೇ ಅದು, ಅವತ್ತಿನಿಂದ.

ನಾಲ್ಕು ವರ್ಷ ಆದ ಮೇಲೆ, 1957ರಲ್ಲಿ, ಜಪಾನಿನ ಕಸುಮಿಗಸೆಕಿ ಕ್ಲಬ್‌ಗೆ ಬಂತು. ಅಮೆರಿಕದ ಕಡೆಯಿಂದ ಸ್ಯಾಮ್ ಸ್ನೀಡ್ ಮತ್ತು ಜಿಮ್ಮಿ ಡೆಮಾರೆಟ್. ಜಪಾನಿನ ಕಡೆಯಿಂದ ತೊರಾಕಿಚಿ ನಕಮುರಾ ಮತ್ತು ಕೊಯಿಚಿ ಒನೊ. ಹೊರಗಿನವರು ಈ ಇಬ್ಬರ ಹೆಸರನ್ನೂ ಕೇಳಿರಲಿಲ್ಲ. ಆ ಇಬ್ಬರೇ ಗೆದ್ದರು. ಒಬ್ಬೊಬ್ಬರ ಲೆಕ್ಕದಲ್ಲೂ ನಕಮುರಾನೇ ಮೊದಲು. ಟೀವಿಯಲ್ಲಿ ಅದನ್ನು ನೋಡಿದ ಜಪಾನಿನಲ್ಲಿ ಗಾಲ್ಫ್ ಹುಚ್ಚು ಹತ್ತಿದ್ದು ಅಲ್ಲಿಂದ. ಹಾಪ್ಕಿನ್ಸ್ ಅದನ್ನು ನೋಡಲಿಲ್ಲ, ಅದೇ ವರ್ಷ ಕೆಲವು ತಿಂಗಳ ಮುಂಚೆ ತೀರಿಕೊಂಡಿದ್ದರು. ಒಂದು ದೇಶ ಪೂರ್ತಿ ಒಂದು ಆಟಕ್ಕೆ ಬೀಳೋಕೆ ಎಷ್ಟು ಜನ ಬೇಕಾಯಿತು ನೋಡಿ. ಇಬ್ಬರು.

ಕಸುಮಿಗಸೆಕಿ ಅನ್ನುವ ಹೆಸರು ನೆನಪಿಟ್ಟುಕೊಳ್ಳಿ, ಅಲ್ಲಿಗೆ ಮತ್ತೆ ಬರುತ್ತೇನೆ.

1958ರದ್ದು ನನಗೆ ತುಂಬ ಇಷ್ಟವಾದ ಕಥೆ. ಮೆಕ್ಸಿಕೊ ಸಿಟಿಯಲ್ಲಿ ಆಟ. ಆ ಊರು ಸಮುದ್ರಮಟ್ಟದಿಂದ ಎರಡು ಸಾವಿರ ಮೀಟರಿಗಿಂತ ಮೇಲೆ, ಗಾಳಿ ತೆಳು. ಐರ್ಲೆಂಡಿನ ಹ್ಯಾರಿ ಬ್ರಾಡ್‌ಶಾ ಮೂಗಿನಲ್ಲಿ ರಕ್ತ ಸುರಿಯುತ್ತಿತ್ತು. ಒರೆಸಿಕೊಂಡೇ ಆಡಿದರು. ಅವರೂ ಕ್ರಿಸ್ಟಿ ಓ'ಕಾನರ್ ಅವರೂ ಸೇರಿ ಐರ್ಲೆಂಡಿಗೆ ಕಪ್ ತಂದರು. ವೈಯಕ್ತಿಕ ಪ್ರಶಸ್ತಿಯನ್ನು ಬ್ರಾಡ್‌ಶಾ, ಸ್ಕೋರ್ ಸಮವಾದ ಮೇಲೆ ಆಡಿದ ಪ್ಲೇಆಫ್‌ನಲ್ಲಿ, ಸ್ಪೇನಿನ ಆಂಹೆಲ್ ಮಿಗೆಲ್‌ಗೆ ಬಿಟ್ಟುಕೊಟ್ಟರು. ಮೂಗಲ್ಲಿ ರಕ್ತ ಬರುತ್ತಿರುವಾಗ ತನ್ನೊಬ್ಬನ ಸ್ಕೋರಿಗಾಗಿ ಯಾರು ನಿಲ್ಲುತ್ತಿದ್ದರೋ ಗೊತ್ತಿಲ್ಲ. ಪಕ್ಕದಲ್ಲಿ ಇನ್ನೊಬ್ಬ ತನ್ನನ್ನೇ ನಂಬಿ ಆಡುತ್ತಿದ್ದಾನೆ ಅಂದಾಗ ಬಿಟ್ಟು ಹೋಗುವುದು ಕಷ್ಟ.

ಒಟ್ಟು ಐವತ್ತೊಂಬತ್ತರಲ್ಲಿ ಅಮೆರಿಕ ಗೆದ್ದದ್ದು 24. ಪಾಮರ್-ನಿಕ್ಲಾಸ್ ಜೋಡಿ, 1992ರಿಂದ 1995ರವರೆಗೆ ಸತತ ನಾಲ್ಕು ಸಲ ಗೆದ್ದ ಫ್ರೆಡ್ ಕಪಲ್ಸ್-ಡೇವಿಸ್ ಲವ್ ಜೋಡಿ, ಟೈಗರ್ ವುಡ್ಸ್ ಎರಡು ಸಲ. ಸರಿ, ಅವರು ಗೆಲ್ಲದೆ ಇನ್ಯಾರು ಗೆಲ್ಲಬೇಕು. ಆದರೆ ಮಿಕ್ಕ 35 ಎಲ್ಲಿ ಹೋದವು ನೋಡಿ. ತೈವಾನ್ 1972ರಲ್ಲಿ. ವೇಲ್ಸ್ ಎರಡು ಸಲ. ಡೆನ್ಮಾರ್ಕ್ 2016ರಲ್ಲಿ. ಬೆಲ್ಜಿಯಂ. ಇಟಲಿಗೆ 2009ರಲ್ಲಿ ಕಪ್ ತಂದುಕೊಟ್ಟದ್ದು ಒಂದೇ ಮನೆಯ ಅಣ್ಣತಮ್ಮಂದಿರು, ಎದೊಆರ್ದೊ ಮತ್ತು ಫ್ರಾಂಚೆಸ್ಕೊ ಮೊಲಿನಾರಿ. ಒಂದೇ ಒಂದು ಹೊಡೆತದ ಅಂತರದಲ್ಲಿ ಐರ್ಲೆಂಡ್ ಮತ್ತು ಸ್ವೀಡನ್ ಹಿಂದೆ ಉಳಿದವು. ಐರ್ಲೆಂಡ್ ಪರ ಆಡಿದವರು ಯಾರು ಗೊತ್ತಲ್ಲ? ರೋರಿ ಮಕಿಲ್‌ರಾಯ್ ಮತ್ತು ಗ್ರೇಮ್ ಮಕ್‌ಡೊವೆಲ್. ಹೀಗೆ ಅಮೆರಿಕವೂ ಸೇರಿ ಹದಿನೇಳು ದೇಶಗಳು ಗೆದ್ದಿವೆ.

ರೈಡರ್ ಕಪ್ ಇದೆಯಲ್ಲ, ಪ್ರೆಸಿಡೆಂಟ್ಸ್ ಕಪ್ ಇದೆಯಲ್ಲ ಅಂತ ನೀವು ಹೇಳುತ್ತೀರಿ. ಇದೆ, ನಾನೂ ನಿದ್ದೆಗೆಟ್ಟು ನೋಡುತ್ತೇನೆ. ಆದರೆ ಎರಡರಲ್ಲೂ ಒಂದೊಂದು ಕಡೆಗೆ ಹನ್ನೆರಡು ಜನ ಬೇಕು. ಮೇಲಿನ ದರ್ಜೆಯ ಹನ್ನೆರಡು ಜನರನ್ನು ಒಬ್ಬಂಟಿಯಾಗಿ ಹೊಂದಿಸೋಕೆ ಎಷ್ಟು ದೇಶಕ್ಕೆ ಆಗುತ್ತದೆ? ಅದಕ್ಕೇ ರೈಡರ್ ಕಪ್‌ಗೆ ಯುರೋಪೆಲ್ಲ ಸೇರಿ ಒಂದು ತಂಡ, ಪ್ರೆಸಿಡೆಂಟ್ಸ್ ಕಪ್‌ಗೆ ಯುರೋಪ್ ಬಿಟ್ಟು ಉಳಿದ ಜಗತ್ತೆಲ್ಲ ಸೇರಿ ಇನ್ನೊಂದು ತಂಡ, ಎದುರಿಗೆ ಮಾತ್ರ ಯಾವಾಗಲೂ ಅದೇ ಅಮೆರಿಕ. ನಮ್ಮ ಅನಿರ್ಬನ್ ಲಾಹಿರಿ 2015ರಲ್ಲಿ ಕೊರಿಯಾದಲ್ಲಿ ಪ್ರೆಸಿಡೆಂಟ್ಸ್ ಕಪ್ ಆಡಿದರು. ಕೊನೆಯ ದಿನ, ಕೊನೆಯ ಹೋಲ್, ಸಣ್ಣ ಪಟ್, ಅಂದರೆ ಚೆಂಡನ್ನು ಹೋಲ್‌ಗೆ ಉರುಳಿಸುವ ಹೊಡೆತ, ತಪ್ಪಿತು. ಅವರ ತಂಡ ಒಂದೇ ಪಾಯಿಂಟಿನಿಂದ ಸೋತಿತು. ಅವತ್ತು ಅವರ ಮುಖ ನೋಡಿ ಹೊಟ್ಟೆ ಚುರುಕ್ ಅಂತು ನನಗೆ. ಆದರೆ ಅವರ ತಂಡದ ಹೆಸರೇನು? 'ಇಂಟರ್‌ನ್ಯಾಷನಲ್'. ಹಾಗಂತ ಯಾವುದಾದರೂ ಊರಿದೆಯಾ? ಆ ದುಃಖ ಯಾವ ದೇಶದ್ದು ಅಂತ ಹೇಳುವುದು?

ಹನ್ನೆರಡು ಜನ ಇಲ್ಲದ ದೇಶದಲ್ಲೂ ಇಬ್ಬರು ಇರುತ್ತಾರೆ. ನಾನು ಹೇಳಬೇಕಾದದ್ದು ನಿಜಕ್ಕೂ ಇಷ್ಟೇ.

ನಂಬಿಕೆ ಬರದಿದ್ದರೆ ಹೆಂಗಸರ ವಿಶ್ವಕಪ್ ನೋಡಿ. ಅದೂ ಇತ್ತು, 2005ರಿಂದ 2008ರವರೆಗೆ, ನಾಲ್ಕೇ ವರ್ಷ. ಅಷ್ಟರಲ್ಲೇ ಏನೇನಾಯಿತು! ಮೊದಲ ವರ್ಷ ಜಪಾನಿನ ಐ ಮಿಯಾಜಾತೊ, ರುಯಿ ಕಿತಾದಾ. ಎರಡನೇ ವರ್ಷ ಸ್ವೀಡನ್ನಿನ ಅನಿಕಾ ಸೊರೆನ್‌ಸ್ಟಾಮ್, ಲಿಸೆಲೊಟ್ಟೆ ನ್ಯೂಮನ್, ಅದು ಎಲ್ಲರೂ ಎಣಿಸಿದ್ದೇ. ಮೂರನೇ ವರ್ಷ, 2007ರಲ್ಲಿ, ದಕ್ಷಿಣ ಆಫ್ರಿಕಾದ ಸನ್ ಸಿಟಿಯಲ್ಲಿ ಗೆದ್ದದ್ದು ಯಾರು? ಪರಾಗ್ವೆ! ಹೂಲಿಯೆತಾ ಗ್ರಾನಾದಾ ಮತ್ತು ಸೆಲೆಸ್ತೆ ಟ್ರೊಚೆ. ನಕ್ಷೆಯಲ್ಲಿ ಪರಾಗ್ವೆ ಎಲ್ಲಿದೆ ಅಂತ ಆವತ್ತು ಎಷ್ಟು ಜನ ಹುಡುಕಿರಬೇಕು. ಮರುವರ್ಷ ಫಿಲಿಪ್ಪೀನ್ಸ್, ಜೆನಿಫರ್ ರೊಸಾಲೆಸ್ ಮತ್ತು ಡೊರತಿ ಡೆಲಾಸಿನ್. ಪರಾಗ್ವೆ, ಫಿಲಿಪ್ಪೀನ್ಸ್ ಗೆದ್ದವು, ಟೂರ್ನಿ ನಿಂತಿತು. ಯಾಕೆ ನಿಂತಿತು ಅಂತ ಲೆಕ್ಕದ ಪುಸ್ತಕ ನೋಡಿದವರು ಹೇಳಬೇಕು. ನನಗನ್ನಿಸುವುದು ಇಷ್ಟೇ, ಒಂದು ಆಟ ಜಗತ್ತಿಗೆಲ್ಲ ಹರಡುತ್ತಿದೆ ಅನ್ನೋಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಇನ್ನೇನು ಬೇಕಿತ್ತು?

ಈಗ ಆಟದ ರೀತಿಗೆ ಬರುತ್ತೇನೆ, ನನಗೆ ಜಾಸ್ತಿ ಸಿಟ್ಟು ಇರುವುದು ಅಲ್ಲೇ.

ಹಳೆಯ ಕಾಲದಲ್ಲಿ ಇಬ್ಬರೂ ತಮ್ಮ ತಮ್ಮ ಚೆಂಡು ಆಡಿ, ಕೊನೆಗೆ ಎರಡೂ ಸ್ಕೋರ್ ಕೂಡುತ್ತಿದ್ದರು. 2000ದಿಂದ ನೀವು ಅದನ್ನು ಬದಲಾಯಿಸಿದಿರಿ. ಎರಡು ದಿನ ಫೋರ್‌ಬಾಲ್, ಅಂದರೆ ಇಬ್ಬರೂ ಆಡುವುದು, ಪ್ರತಿ ಹೋಲ್‌ನಲ್ಲಿ ಇಬ್ಬರಲ್ಲಿ ಯಾರ ಹೊಡೆತ ಕಡಿಮೆಯೋ ಅದು ಲೆಕ್ಕಕ್ಕೆ. ಇನ್ನೆರಡು ದಿನ ಫೋರ್‌ಸಮ್ಸ್, ಅಂದರೆ ಇಬ್ಬರಿಗೂ ಸೇರಿ ಒಂದೇ ಚೆಂಡು, ಒಬ್ಬ ಹೊಡೆದ ಮೇಲೆ ಇನ್ನೊಬ್ಬ. ಬೆಸ ಹೋಲ್‌ಗಳ ಟೀಯಿಂದ, ಅಂದರೆ ಮೊದಲ ಹೊಡೆತ ಹೊಡೆಯುವ ಜಾಗದಿಂದ, ಒಬ್ಬ, ಸಮ ಹೋಲ್‌ಗಳ ಟೀಯಿಂದ ಇನ್ನೊಬ್ಬ. ಬಹಳ ಒಳ್ಳೆಯ ಬದಲಾವಣೆ ಅದು, ಈ ವಿಷಯದಲ್ಲಿ ನಿಮಗೆ ಪೂರ್ತಿ ಅಂಕ.

ಫೋರ್‌ಸಮ್ಸ್ ಅಂದರೆ ಏನು ಅಂತ ನನಗೆ ಗೊತ್ತಾದದ್ದು ಷಡ್ಡಕರ ಜೊತೆ ಆಡಿದಾಗ. ಒಂದು ಕ್ಲಬ್‌ನಲ್ಲಿ ಜೋಡಿಗಳ ಪಂದ್ಯ ಇತ್ತು. ನಮ್ಮಿಬ್ಬರ ಹೆಂಡತಿಯರು ಅಕ್ಕತಂಗಿಯರು, ನಾವಿಬ್ಬರು ಹಬ್ಬದಲ್ಲಿ ಸಿಕ್ಕಿದಾಗ ಹವಾಮಾನ, ಆಫೀಸು ಅಂತ ಮಾತಾಡಿ ಮುಗಿಸುವವರು. ಅವರಿಗೆ ದೂರ ಹೊಡೆಯುವ ಡ್ರೈವರ್ ಕೋಲು ಚೆನ್ನಾಗಿ ಕೂರುತ್ತದೆ, ನನಗೆ ಕೂರುವುದೇ ಇಲ್ಲ. ನನ್ನ ಕೈಯಲ್ಲಿ ಸ್ವಲ್ಪ ಪಳಗಿದ್ದು ಹತ್ತಿರದ ಹೊಡೆತಕ್ಕೆ ಬಳಸುವ ಸಣ್ಣ ಐರನ್ ಕೋಲುಗಳು. ಹಿಂದಿನ ರಾತ್ರಿ ಇಬ್ಬರೂ ಕೂತು ಪಾರ್-3, ಅಂದರೆ ಮೂರು ಹೊಡೆತದಲ್ಲಿ ಮುಗಿಸಬೇಕಾದ ಗಿಡ್ಡ ಹೋಲ್‌ಗಳು ಎಲ್ಲೆಲ್ಲಿ ಬರುತ್ತವೆ ಅಂತ ಸ್ಕೋರ್‌ಕಾರ್ಡ್ ಮೇಲೆ ಗುರುತು ಹಾಕಿದೆವು. ಜಾಸ್ತಿ ಇದ್ದದ್ದು ಸಮ ಹೋಲ್‌ಗಳಲ್ಲಿ, ಅದಕ್ಕೆ ಸಮ ನನಗೆ, ಬೆಸ ಅವರಿಗೆ ಅಂತ ತೀರ್ಮಾನ ಆಯಿತು. ಮದುವೆಯಾಗಿ ಇಷ್ಟು ವರ್ಷದಲ್ಲಿ ನಾವಿಬ್ಬರು ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು.

ಹದಿನೈದನೇ ಹೋಲ್, ಪಾರ್-4. ಷಡ್ಡಕರು ಡ್ರೈವ್ ಹೊಡೆದರು, ಯಾವತ್ತೂ ಇಲ್ಲದ್ದು ಚೆಂಡು ಬಲಕ್ಕೆ ತಿರುಗಿ ಮರಗಳ ಮಧ್ಯೆ ಹೋಯಿತು. "ಸಾರಿ ರೀ" ಅಂದರು. ನಾನು ಹೋಗಿ ನೋಡಿದೆ, ಬೇರಿನ ಪಕ್ಕ ಕೂತಿದೆ. ಸುಮ್ನೆ ಪಕ್ಕಕ್ಕೆ ಫೇರ್‌ವೇಗೆ ತಟ್ಟಿಬಿಡಬೇಕಿತ್ತು. ಎರಡು ಕೊಂಬೆಗಳ ಸಂದಿಯಲ್ಲಿ ಹೋಲ್ ಇರುವ ಗ್ರೀನ್ ಕಾಣಿಸಿತು, ಬುದ್ಧಿ ಕೆಟ್ಟಿತು. ಹೊಡೆದೆ. ಚೆಂಡು ಸಂದಿಯಲ್ಲಿ ಪಾರಾಯಿತು, ಪಾರಾಗಿ ನೇರ ಗ್ರೀನ್ ಮುಂದಿನ ಬಂಕರ್‌ಗೆ ಬಿತ್ತು. ಈಗ ಆ ಮರಳಿನಲ್ಲಿ ನಿಲ್ಲಬೇಕಾದದ್ದು ನಾನಲ್ಲ, ಅವರು. ನಾನು "ಅಯ್ಯೋ ಸಾರಿ" ಅಂದೆ. ಬ್ಯಾಗ್ ಹೊತ್ತಿದ್ದ ವಯಸ್ಸಾದ ಕ್ಯಾಡಿ ಅಷ್ಟು ಹೊತ್ತು ಸುಮ್ಮನಿದ್ದವರು ಆಗ ಬಾಯಿಬಿಟ್ಟರು. "ಸಾರ್, ಈ ಆಟದಲ್ಲಿ ಸಾರಿ ಅನ್ನಬಾರದು. ಅಂತಾ ಕೂತ್ರೆ ಸಂಜೆವರೆಗೂ ಅದೇ ಆಗುತ್ತೆ."

ಷಡ್ಡಕರು ಬಂಕರ್‌ಗೆ ಇಳಿದು, ಕಾಲು ಎರಡು ಸಲ ಮರಳಲ್ಲಿ ಒತ್ತಿ, ಹೊಡೆದರು. ಚೆಂಡು ಮೇಲೆ ಎದ್ದು, ಮೆತ್ತಗೆ ಬಿದ್ದು, ಹೋಲ್‌ನಿಂದ ನಾಲ್ಕಡಿಗೆ ಬಂದು ನಿಂತಿತು. ಅವರ ಜೀವನದ ಅತ್ಯುತ್ತಮ ಬಂಕರ್ ಶಾಟ್ ಅದು, ಈಗಲೂ ಹೇಳುತ್ತಾರೆ. ಪಟ್ ಮಾಡಬೇಕಾದವನು ನಾನು. ನಾಲ್ಕಡಿ. ಕೈ ನಡುಗುವುದು ಅಂದರೆ ಏನು ಅಂತ ಅವತ್ತು ಗೊತ್ತಾಯಿತು. ನನ್ನ ಚೆಂಡಾಗಿದ್ದರೆ ತಪ್ಪಿದರೂ ನನ್ನದೇ ಕರ್ಮ. ಇದು ಅವರದ್ದೂ ಚೆಂಡು. ತಪ್ಪಿಸಿದೆ. ಷಡ್ಡಕರು ಒಂದು ಮಾತೂ ಆಡದೆ ಬಂದು, ಉಳಿದ ಅರ್ಧ ಅಡಿಯನ್ನು ತಟ್ಟಿ ಒಳಗೆ ಹಾಕಿ, ಚೆಂಡು ಎತ್ತಿ ನನ್ನ ಕೈಗೆ ಕೊಟ್ಟರು. ಮುಂದಿನದು ಸಮ ಹೋಲ್, ನನ್ನ ಸರದಿ.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಟೈಗರ್ ವುಡ್ಸ್‌ಗೂ ಇದೇ ಆಟ. 2001ರಲ್ಲಿ ಜಪಾನಿನ ಗೊಟೆಂಬಾದಲ್ಲಿ ಕೊನೆಯ ದಿನ ಫೋರ್‌ಸಮ್ಸ್ ಇತ್ತು. ವುಡ್ಸ್ ಮತ್ತು ಡೇವಿಡ್ ಡುವಾಲ್ ಹಿಂದೆ ಬಿದ್ದಿದ್ದರು. ಹದಿನೆಂಟನೇ ಹೋಲ್‌ನಲ್ಲಿ ವುಡ್ಸ್ ಚಿಪ್ ಮಾಡಿದ ಚೆಂಡು ನೇರ ಹೋಲ್‌ಗೆ ಹೋಯಿತು, ಅಮೆರಿಕ ಪ್ಲೇಆಫ್‌ಗೆ ಬಂತು. ಆಮೇಲೂ ಗೆಲ್ಲಲಿಲ್ಲ, ಕಪ್ ಅರ್ನಿ ಎಲ್ಸ್, ರೆಟೀಫ್ ಗೂಸೆನ್ ಅವರ ದಕ್ಷಿಣ ಆಫ್ರಿಕಾಕ್ಕೆ ಹೋಯಿತು. ಜಗತ್ತಿನ ನಂಬರ್ ಒನ್ ಆಟಗಾರ ಇನ್ನೊಬ್ಬ ಬಿಟ್ಟ ಜಾಗದಿಂದ ಆಡಬೇಕು, ತಾನು ಬಿಟ್ಟ ಜಾಗಕ್ಕೆ ಇನ್ನೊಬ್ಬನನ್ನು ಕಳಿಸಬೇಕು. ವರ್ಷದ ಉಳಿದ ವಾರಗಳಲ್ಲಿ ಇದು ಎಲ್ಲಿ ನೋಡೋಕೆ ಸಿಗುತ್ತದೆ? ನ್ಯೂ ಆರ್ಲಿಯನ್ಸ್‌ನ ಜೂರಿಕ್ ಕ್ಲಾಸಿಕ್ ಟೂರ್ನಿ 2017ರಿಂದ ಜೋಡಿ ಆಟ ಆಗಿದೆ, ಒಪ್ಪುತ್ತೇನೆ, ಚೆನ್ನಾಗಿಯೂ ಇರುತ್ತದೆ. ಆದರೆ ಅಲ್ಲಿ ಗೆಳೆಯ ಗೆಳೆಯ ಸೇರಿ ಆಡುತ್ತಾರೆ, ದೇಶ ಇಲ್ಲ.

ಇಷ್ಟು ಒಳ್ಳೆಯ ರೀತಿಯನ್ನು ಇಟ್ಟುಕೊಂಡು 2013ರಲ್ಲಿ ಏನು ಮಾಡಿದಿರಿ? ರಾಯಲ್ ಮೆಲ್ಬರ್ನ್‌ನಂಥ ಕೋರ್ಸ್ ಸಿಕ್ಕಿತ್ತು. ಅಲ್ಲಿ ಜೋಡಿ ಆಟವನ್ನೇ ಕಿತ್ತುಹಾಕಿ, ಎಲ್ಲರೂ ತಮ್ಮ ತಮ್ಮ ಚೆಂಡು ಆಡಿಕೊಳ್ಳಿ, ಬಹುಮಾನದ ಬಹುಪಾಲೂ ಒಬ್ಬೊಬ್ಬರಿಗೇ, ತಂಡದ ಲೆಕ್ಕ ಪಕ್ಕದಲ್ಲಿ ಇರಲಿ ಅಂದಿರಿ. ಅದೃಷ್ಟಕ್ಕೆ ಅವತ್ತು ಜೇಸನ್ ಡೇ ಇದ್ದರು. ಕೆಲವೇ ದಿನ ಮುಂಚೆ ಫಿಲಿಪ್ಪೀನ್ಸ್‌ನಲ್ಲಿ ಹೈಯಾನ್ ಚಂಡಮಾರುತಕ್ಕೆ ಅಜ್ಜಿಯೂ ಸೇರಿ ತಾಯಿಯ ಕಡೆಯ ಎಂಟು ಜನರನ್ನು ಕಳೆದುಕೊಂಡಿದ್ದ ಆ ಮನುಷ್ಯ ಬಂದು ಆಡಿ, ತಾನೂ ಗೆದ್ದು, ಆಡಮ್ ಸ್ಕಾಟ್ ಜೊತೆ ಆಸ್ಟ್ರೇಲಿಯಾಕ್ಕೂ ಗೆದ್ದುಕೊಟ್ಟರು. ಆ ವಾರ ಜನರ ಮನಸ್ಸಲ್ಲಿ ಉಳಿದದ್ದು ಅವರಿಂದ, ನಿಮ್ಮ ಹೊಸ ನಿಯಮದಿಂದ ಅಲ್ಲ. 2016ಕ್ಕೆ ನೀವೇ ವಾಪಸ್ ಜೋಡಿ ಆಟಕ್ಕೆ ಬಂದಿರಿ, ಅಲ್ವಾ?

ಇನ್ನು ದೊಡ್ಡ ಆಟಗಾರರು ಬರುವುದಿಲ್ಲ ಅನ್ನುವ ಹಳೆಯ ರಾಗ. ಬರಲ್ಲ, ನಿಜ. ಆದರೆ ನೀವು ಕರೆದದ್ದು ಯಾವಾಗ? 2011ರಲ್ಲಿ ಚೀನಾದ ಹೈಕೌ, 2016ರಲ್ಲಿ ಮೆಲ್ಬರ್ನ್, 2018ರಲ್ಲಿ ಮತ್ತೆ ಮೆಲ್ಬರ್ನ್. ಮೂರೂ ಸಲ ಅಮೆರಿಕದವರ ಥ್ಯಾಂಕ್ಸ್‌ಗಿವಿಂಗ್ ವಾರ! ಮನೆಮಂದಿಯೆಲ್ಲ ಎಲೆ ಮುಂದೆ ಕೂತಾಗ ಹಿರಿ ಮಗನನ್ನು ಎಬ್ಬಿಸಿ, ಭೂಮಿಯ ಆ ಕಡೆಗೆ ಹೋಗಿ ಗಾಲ್ಫ್ ಆಡಿ ಬಾರಪ್ಪಾ ಅಂದರೆ ಯಾರು ಏಳುತ್ತಾರೆ? ಏಳದಿದ್ದಾಗ, ನೋಡಿ ಯಾರಿಗೂ ಆಸಕ್ತಿ ಇಲ್ಲ ಅಂತ ಕೈ ತೊಳೆದುಕೊಳ್ಳುವುದು. ಇದು ನ್ಯಾಯ ಅಲ್ಲ ಸ್ವಾಮಿ. ದಿನಾಂಕ ಬದಲಾಯಿಸಿ ಒಂದು ಸಲ ಕರೆದು ನೋಡಿ, ಆಮೇಲೆ ಮಾತಾಡೋಣ.

ಇನ್ನೂ ಒಂದು ಮಾತು, ದೊಡ್ಡವರು ಬರದಿದ್ದಾಗ ಏನೂ ಮುಳುಗಿಹೋಗಲಿಲ್ಲ. 2018ರಲ್ಲಿ 28 ದೇಶ ಬಂದಿದ್ದವು. ಆತಿಥೇಯ ಆಸ್ಟ್ರೇಲಿಯಾದ ಮಾರ್ಕ್ ಲೀಶ್‌ಮನ್, ಕ್ಯಾಮರಾನ್ ಸ್ಮಿತ್ ಜೋಡಿಯ ಜೊತೆ ಎರಡನೇ ಸ್ಥಾನ ಹಂಚಿಕೊಂಡದ್ದು ಯಾರು? ಮೆಕ್ಸಿಕೊದ ಅಬ್ರಹಾಂ ಆನ್ಸರ್ ಮತ್ತು ರೊಬೆರ್ತೊ ದಿಯಾಸ್. ಆಟ ನೋಡೋಕೆ ಯಾವಾಗಲೂ ರಾಜರೇ ಬರಬೇಕಾ?

ಈಗ ನಮ್ಮವರ ವಿಷಯ. ಸ್ವಲ್ಪ ಸ್ವಾರ್ಥ ಇದೆ, ಮುಚ್ಚಿಡುವುದಿಲ್ಲ. ಭಾರತದ ಕಡೆಯಿಂದ ಜೀವ್ ಮಿಲ್ಖಾ ಸಿಂಗ್, ಜ್ಯೋತಿ ರಾಂಧವಾ ಜೋಡಿ ಆಡಿದೆ. ಲಾಹಿರಿ, ಗಗನ್‌ಜೀತ್ ಭುಲ್ಲರ್ ಜೋಡಿ ಆಡಿದೆ. 2016ರಲ್ಲಿ ಮೆಲ್ಬರ್ನ್‌ನ ಕಿಂಗ್ಸ್‌ಟನ್ ಹೀತ್‌ಗೆ ಹೋದದ್ದು ಎಸ್‌ಎಸ್‌ಪಿ ಚೌರಾಸಿಯಾ ಮತ್ತು ನಮ್ಮ ಚಿಕ್ಕರಂಗಪ್ಪ. ಚೌರಾಸಿಯಾ ಅವರ ತಂದೆ ಕೋಲ್ಕತ್ತಾದ ರಾಯಲ್ ಕಲ್ಕತ್ತಾ ಕ್ಲಬ್‌ನಲ್ಲಿ ಹುಲ್ಲು ನೋಡಿಕೊಳ್ಳುತ್ತಿದ್ದವರು. ಚಿಕ್ಕರಂಗಪ್ಪ ಬಿಡದಿ ಕಡೆ ಗಾಲ್ಫ್ ಕೋರ್ಸ್ ಪಕ್ಕದಲ್ಲಿ ಬೆಳೆದ ಹುಡುಗ. ಗಾಲ್ಫ್ ಶ್ರೀಮಂತರ ಆಟ ಅಂತ ನಾವೆಲ್ಲ ಸುಲಭವಾಗಿ ಹೇಳಿಬಿಡುತ್ತೇವೆ, ತಪ್ಪೇನಿಲ್ಲ, ಬಹುಮಟ್ಟಿಗೆ ಹಾಗೇ ಇದೆ. ಆದರೆ ಆ ವಾರ ಭಾರತದ ಹೆಸರು ಹೊತ್ತು ನಿಂತಿದ್ದ ಇಬ್ಬರು ಎಲ್ಲಿಂದ ಬಂದವರು ನೋಡಿ. ಚಿಕ್ಕರಂಗಪ್ಪ ಅನ್ನುವ ಹೆಸರು ವಿಶ್ವಕಪ್‌ನ ಸ್ಕೋರ್‌ಬೋರ್ಡ್ ಮೇಲೆ! ಅವರು ಗೆಲ್ಲಲಿಲ್ಲ. ಪರವಾಗಿಲ್ಲ. ಆ ಹೆಸರು ಅಲ್ಲಿ ಬಂದದ್ದೇ ನನಗೆ ಸಾಕಾಗಿತ್ತು. ಆಗ ನಿಮ್ಮ ನಿಯಮವೂ ಚೆನ್ನಾಗಿತ್ತು, ದೇಶದ ಮೇಲಿನ ರ‍್ಯಾಂಕಿನ ಆಟಗಾರ ತನ್ನ ಜೊತೆಗಾರನನ್ನು ತಾನೇ ಆರಿಸಿಕೊಳ್ಳುವುದು. ಅದನ್ನು ದಯವಿಟ್ಟು ಬದಲಾಯಿಸಬೇಡಿ. ಯಾರ ಜೊತೆ ಮರಳಿಗೆ ಇಳಿಯಬೇಕು ಅಂತ ಇಳಿಯುವವನೇ ಹೇಳಲಿ.

ಕಸುಮಿಗಸೆಕಿಗೆ ವಾಪಸ್ ಬರುತ್ತೇನೆ ಅಂದಿದ್ದೆ. 2021ರ ಆಗಸ್ಟ್‌ನಲ್ಲಿ ಟೋಕಿಯೊ ಒಲಿಂಪಿಕ್ಸ್‌ನ ಗಾಲ್ಫ್ ನಡೆದದ್ದು ಅಲ್ಲೇ, ನಕಮುರಾ-ಒನೊ ಗೆದ್ದ ಅದೇ ಕ್ಲಬ್‌ನಲ್ಲಿ. ಅದಿತಿ ಅಶೋಕ್ ಆಗ ವಿಶ್ವ ರ‍್ಯಾಂಕಿಂಗ್‌ನಲ್ಲಿ 200ನೆಯವರು. ಬ್ಯಾಗ್ ಹೊತ್ತು ಪಕ್ಕದಲ್ಲಿ ನಡೆಯುತ್ತಿದ್ದವರು ಅವರ ತಾಯಿ. ಶನಿವಾರ ಬೆಳಗಿನ ಜಾವ ಬರ್ಡಿ ಅಂದರೇನು, ಬೋಗಿ ಅಂದರೇನು ಗೊತ್ತಿಲ್ಲದವರೂ ಟೀವಿ ಮುಂದೆ ಕೂತಿದ್ದರು. ನನ್ನ ಹೆಂಡತಿ, ಅಂದರೆ ಗಾಲ್ಫ್ ಬ್ಯಾಗನ್ನು ಹದಿನೈದು ವರ್ಷದಿಂದ ಶತ್ರುವಿನ ಹಾಗೆ ನೋಡುತ್ತಿರುವವಳು, "ಆ ಹುಡುಗಿ ಈಗ ಎಷ್ಟು ಹಿಂದೆ?" ಅಂತ ಅಡುಗೆಮನೆಯಿಂದ ಕೇಳುತ್ತಿದ್ದಳು. ಹದಿನೆಂಟನೇ ಹೋಲ್‌ನ ಬರ್ಡಿ ಪಟ್ ಹೋಲ್ ಪಕ್ಕದಲ್ಲಿ ಜಾರಿ ಹೋಯಿತು. ನಾಲ್ಕನೇ ಸ್ಥಾನ. ಪದಕಕ್ಕೆ ಒಂದೇ ಒಂದು ಹೊಡೆತ ಕಡಿಮೆ.

ಆ ಒಲಿಂಪಿಕ್ಸ್‌ಗೆ ಭಾರತದಿಂದ ಹೆಂಗಸರಲ್ಲಿ ಅದಿತಿ ಒಬ್ಬರೇ ಅಲ್ಲ, ದೀಕ್ಷಾ ದಾಗರ್ ಕೂಡ ಇದ್ದರು. ಗಂಡಸರಲ್ಲಿ ಲಾಹಿರಿ, ಉದಯನ್ ಮಾನೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೂ ಇಬ್ಬರು ಹೆಂಗಸರು, ಇಬ್ಬರು ಗಂಡಸರು ಹೋದರು. ಜೋಡಿಗಳು ತಯಾರಾಗೇ ನಿಂತಿದ್ದವು, ಆದರೆ ಜೋಡಿ ಆಟ ಇರಲಿಲ್ಲ. ಎಲ್ಲರೂ ಒಬ್ಬೊಬ್ಬರೇ ಆಡಿ ಬಂದರು. ಈಗ ಒಲಿಂಪಿಕ್ಸ್‌ನವರಿಗೇ ಬುದ್ಧಿ ಬಂದಿದೆ. 2028ರ ಲಾಸ್ ಏಂಜಲೀಸ್‌ನಲ್ಲಿ ಒಂದು ದೇಶದ ಒಬ್ಬ ಹೆಂಗಸು, ಒಬ್ಬ ಗಂಡಸು ಸೇರಿ ಆಡುವ ಮಿಶ್ರ ತಂಡದ ಸ್ಪರ್ಧೆ ಸೇರಿಸಿದ್ದಾರೆ. ಸಂತೋಷ. ಆದರೆ ಅದು ನಾಲ್ಕು ವರ್ಷಕ್ಕೊಂದು ಸಲ. ಅದಕ್ಕೆ ಜೋಡಿಗಳು ಎಲ್ಲಿ ಪಳಗಬೇಕು? ಇಬ್ಬರು ಒಂದೇ ಚೆಂಡು ಆಡುವುದು ಹಿಂದಿನ ರಾತ್ರಿ ಕೂತು ಕಲಿಯುವ ವಿದ್ಯೆ ಅಲ್ಲ. ನಾನೂ ಷಡ್ಡಕರೂ ಹಿಂದಿನ ರಾತ್ರಿಯೇ ಕೂತಿದ್ದು. ಫಲಿತಾಂಶ ಮೇಲೆ ಬರೆದಿದ್ದೇನೆ.

ನೀವು ತಂಡದ ಆಟಕ್ಕೇ ವಿರೋಧ ಅಂತಲೂ ಹೇಳುವ ಹಾಗಿಲ್ಲ. ಈಗ ಎಲ್ಲಿ ನೋಡಿದರೂ ತಂಡವೇ. ಲಿವ್ ಗಾಲ್ಫ್ ಅನ್ನುವ ಹೊಸ ಲೀಗ್ 2022ರಲ್ಲಿ ಬಂದು ನಾಲ್ಕು ನಾಲ್ಕು ಜನರ ತಂಡ ಕಟ್ಟಿ, ಅದಕ್ಕೊಂದು ಹೆಸರು, ಅದಕ್ಕೊಂದು ಟೋಪಿ ಅಂತ ಮಾಡಿತು. ವುಡ್ಸ್ ಮತ್ತು ಮಕಿಲ್‌ರಾಯ್ ಸೇರಿ 2025ರಲ್ಲಿ ಟಿಜಿಎಲ್ ಅಂತ ಛಾವಣಿ ಕೆಳಗೆ, ದೊಡ್ಡ ಪರದೆಗೆ ಚೆಂಡು ಹೊಡೆಯುವ ಲೀಗ್ ಶುರು ಮಾಡಿದರು. ಮಾಡಲಿ, ಯಾರಿಗೂ ಬೇಡ ಅನ್ನುವುದಿಲ್ಲ. ಆದರೆ ಈ ಹೊಸ ತಂಡಗಳಿಗೆ ಅಭಿಮಾನಿಗಳನ್ನು ಹುಟ್ಟಿಸೋಕೆ ಎಷ್ಟು ದುಡ್ಡು, ಎಷ್ಟು ಜಾಹೀರಾತು! ಬಾವುಟಕ್ಕೆ ಅಭಿಮಾನಿಗಳನ್ನು ಯಾರೂ ಹುಟ್ಟಿಸಬೇಕಾಗಿಲ್ಲ, ಅವರು ಆಗಲೇ ಇದ್ದಾರೆ. ಇನ್ನೊಂದು ವಿಷಯ, ಯಾರು ಯಾವ ಟೂರ್‌ಗೆ ಹೋದರು, ಯಾರಿಗೆ ಯಾರ ಮೇಲೆ ಕೋಪ ಅನ್ನುವ ಜಗಳವನ್ನು ಈ ಕಪ್ಪಿನೊಳಗೆ ತರಬೇಡಿ. ದೇಶದ ಒಳ್ಳೆಯ ಇಬ್ಬರು ಯಾರೋ ಅವರು ಬರಲಿ. ಸಂಬಳ ಯಾರು ಕೊಡುತ್ತಾರೆ ಅನ್ನುವುದು ಟೀ ಹತ್ತಿರ ಯಾಕೆ?

ದುಡ್ಡಿನ ಲೆಕ್ಕ ನಾನು ಹೇಳಲಾರೆ, ಅದು ನಿಮ್ಮ ಕೆಲಸ. ಕಪ್ಪಿನ ಜಾಗದ ಬಗ್ಗೆ ಮಾತ್ರ ಒಂದು ಮಾತು. ರೆಸಾರ್ಟ್‌ಗಳ ಬೇಲಿಯೊಳಗೆ ಆಡಿಸಿದ ವರ್ಷಗಳಲ್ಲಿ ಗ್ರೀನ್ ಸುತ್ತ ಜನವೇ ಕಾಣುತ್ತಿರಲಿಲ್ಲ, ಟೀವಿಯಲ್ಲೇ ಗೊತ್ತಾಗುತ್ತಿತ್ತು, ಚಪ್ಪಾಳೆ ಮದುವೆಗೆ ತಡವಾಗಿ ಬಂದವರ ಹಾಗೆ ಅಲ್ಲೊಂದು ಇಲ್ಲೊಂದು. ಜನ ನಡೆದು ಬರುವ ಜಾಗದಲ್ಲಿ ಆಡಿಸಿ. ಹಾಗೇ ಹೆಂಗಸರ ಕಪ್ಪನ್ನೂ ಅದೇ ವಾರ, ಅದೇ ಕೋರ್ಸ್‌ನಲ್ಲಿ ಇಡಿ, ಪರಾಗ್ವೆಯ ಆ ಇಬ್ಬರ ಹೆಸರನ್ನು ಎಲ್ಲಾದರೂ ದೊಡ್ಡದಾಗಿ ಬರೆಸಿ.

ಷಡ್ಡಕರಿಗೆ ಈ ಪತ್ರ ಓದಿ ಹೇಳಿದೆ. ಹದಿನೈದನೇ ಹೋಲ್ ಕಥೆಯಲ್ಲಿ ಮೊದಲ ತಪ್ಪು ತಮ್ಮದು ಅಂತ ಬರೆದಿದ್ದೀರಿ, ನಾಲ್ಕಡಿ ಪಟ್ ತಪ್ಪಿಸಿದ್ದನ್ನು ಇನ್ನೂ ಸ್ವಲ್ಪ ವಿವರವಾಗಿ ಬರೆಯಬಹುದಿತ್ತು ಅಂದರು. ಮಿಕ್ಕಿದ್ದಕ್ಕೆಲ್ಲ ಅವರ ಒಪ್ಪಿಗೆ ಇದೆ.

ಉತ್ತರ ಬರೆಯುವುದಾದರೆ ಉದ್ದ ಬೇಡ. ಒಂದು ಊರಿನ ಹೆಸರು, ಒಂದು ದಿನಾಂಕ ಸಾಕು. ಥ್ಯಾಂಕ್ಸ್‌ಗಿವಿಂಗ್ ವಾರ ಬಿಟ್ಟು.

ಇಂತಿ,
ಸಮ ಹೋಲ್‌ಗಳ ಆಟಗಾರ
(ಬೆಸ ಹೋಲ್‌ಗಳವರ ಪರವಾಗಿಯೂ)